ಕಲ್ಲಿನ ಸೀಮೆಗೊಂದು ಸೈಕಲ್ ಫ್ರೇಮು

ಕನಕಪುರ ರಸ್ತೆಯ ಹಾರೋಹಳ್ಳಿಗೆ ಬಂದ ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದವನು ಹಾಗೇ ಮುಚ್ಚಿದೆ. ಎದುರಿಗೆ, ಹದಿನೈದು ಹೆಜ್ಜೆಯಾಚೆ, ನಮ್ಮೂರ ಹನುಮಪ್ಪನ ಗುಡಿಗಿಂತ ದೊಡ್ಡದೊಂದು ಕಲ್ಲುಗುಂಡು ಇನ್ನೊಂದು ಗುಂಡಿನ ಮೇಲೆ ಕೂತಿತ್ತು. ಕೂತಿತ್ತು ಅನ್ನುವುದಕ್ಕಿಂತ ಏಳಲು ಹೊರಟಂತಿತ್ತು. ಹಿಂದಿನ ಸಂಜೆ ಮಬ್ಬಿನಲ್ಲಿ ಸಾಮಾನು ಇಳಿಸುವಾಗ ಅದನ್ನು ಮೋಡ ಅಂದುಕೊಂಡಿದ್ದೆ.

ನವಲಗುಂದದ ಕಡೆಯ ಎರೆಭೂಮಿಯಲ್ಲಿ ಬೆಳೆದವನು ನಾನು. ನಿಮಗೆ ಹೇಳಬೇಕಾಗಿಲ್ಲ, ನಮ್ಮಲ್ಲಿ ಬಟ್ಟೆ ಒಗೆಯುವ ಕಲ್ಲನ್ನೂ ಬೇರೆ ಊರಿನಿಂದ ಚಕ್ಕಡಿಯಲ್ಲಿ ತರಿಸಬೇಕು. ಹೊಲದಲ್ಲಿ ಒಂದು ಹರಳು ಸಿಕ್ಕರೆ ಮನೆಗೆ ತಂದು ತೋರಿಸುತ್ತಿದ್ದೆವು. ಅಂಥವನ ಹಿತ್ತಲಿಗೆ ಹೀಗೊಂದು ಗುಂಡು. ಅದು ಉರುಳಿದರೆ ಮೊದಲು ಬಚ್ಚಲುಮನೆ, ಆಮೇಲೆ ಅಡುಗೆಮನೆ, ಮೂರನೆಯದಾಗಿ ನಾನು ಎಂದು ಲೆಕ್ಕ ಹಾಕಿ, ಮನೆಯೊಡತಿ ಜಯಮ್ಮನವರನ್ನು ಮೆಲ್ಲಗೆ ಕೇಳಿದೆ: "ಇದು ಉರುಳಂಗಿಲ್ಲೇನ್ರಿ?"

ಜಯಮ್ಮ ಕಸಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ಮೊದಲು ಗುಂಡನ್ನು, ಆಮೇಲೆ ನನ್ನನ್ನು ನೋಡಿದರು. "ನಮ್ಮಾವ್ನ ತಾತನ ಕಾಲ್ದಿಂದ ಕುಂತದೆ ಸಾ ಅದು. ನೀವ್ ಬಂದ್ರಿ ಅಂತ ಎದ್ದೋಯ್ತದಾ?"

ಅಂದಿನಿಂದ ಅದು ಎದ್ದು ಹೋಗಿಲ್ಲ. ಆದರೂ ದೊಡ್ಡ ಮಳೆ ಬಂದಾಗಲೆಲ್ಲ ಒಮ್ಮೆ ಹೋಗಿ ನೋಡಿ ಬರುತ್ತೇನೆ. ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದದ್ದು, ಹೊಟ್ಟೆಪಾಡೂ ಅದೇ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಯಂತ್ರದ ಬಿಡಿಭಾಗಗಳ ಬೆಸುಗೆ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವವನು ನಾನು. ಎಲ್ಲವೂ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರುತ್ತದೆ ಎಂದು ನಂಬುವವರಿಗೇ ಈ ಕೆಲಸ ಒಗ್ಗುವುದು.

ಮೊದಲ ವರ್ಷ ಕಷ್ಟದ್ದು. ಎಲ್ಲ ಕಡೆ ಹೊಸ ಶೆಡ್ಡು, ಹೊಸ ಕಾಂಪೌಂಡು, ಅಗೆದ ರಸ್ತೆ. ಮಾವಿನ ತೋಪಿನ ನಡುವೆ ತಗಡಿನ ಮಾಡುಗಳು. ಬೇರೆ ಬೇರೆ ಜಿಲ್ಲೆಗಳಿಂದ ಬಂದವರು ಶಿಫ್ಟಿನ ಬಸ್ಸಿಗೆ ಕಾಯುತ್ತ ಒಬ್ಬರ ಮಾತನ್ನು ಒಬ್ಬರು ಅರ್ಧ ತಿಳಿದುಕೊಂಡು ನಗುತ್ತಿದ್ದೆವು. ಕನ್ನಡವೇ ಅಲ್ಲವೇ ಅಂತ ಧೈರ್ಯದಿಂದ ಬಂದಿದ್ದೆ. ಇಲ್ಲಿ ನೋಡಿದರೆ ಸ್ವಲ್ಪ ಎನ್ನಲು ನಾವು 'ಜರಾ' ಅನ್ನುವುದಕ್ಕೆ ಇವರು 'ಒಸಿ' ಅನ್ನುತ್ತಾರೆ. "ಒಸಿ ಆ ಕಡೀಕ್ ಓಗಿ ಸಾ" ಅಂದಾಗ ಒಸಿ ಅಂದರೆ ಯಾವ ದಿಕ್ಕು ಎಂದು ಹುಡುಕಿದ್ದೇನೆ. ನನ್ನ ಊರಿನ ಹೆಸರನ್ನು ಎಷ್ಟು ಸಲ ಹೇಳಿದರೂ ಉಪಯೋಗವಾಗಲಿಲ್ಲ. ತುಮಕೂರು ದಾಟಿದರೆ ಇವರಿಗೆ ಎಲ್ಲವೂ ಹುಬ್ಬಳ್ಳಿ. ನಾನು 'ಹುಬ್ಳಿ ಸಾ' ಆದೆ. ನಾವೂ ತುಮಕೂರಿನಿಂದ ಈಚೆಗೆ ಎಲ್ಲವನ್ನೂ ಮೈಸೂರು ಅನ್ನುತ್ತಿದ್ದೆವಲ್ಲ, ಆದ್ದರಿಂದ ದೂರಲಿಲ್ಲ.

ಜಯಮ್ಮ ಮೊದಲ ಸಲ ಊಟಕ್ಕೆ ಕರೆದಾಗ ಮುದ್ದೆಯ ಪಕ್ಕದಲ್ಲಿ ತಿಳಿನೀರಿನಂಥದ್ದನ್ನು ಬಡಿಸಿದರು. ಇನ್ನೂ ಕುದಿಯಬೇಕೇನೋ ಎಂದು ಕೈ ಕಟ್ಟಿ ಕೂತೆ. ಅದು ಕುದ್ದೇ ಬಂದಿತ್ತು. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಅರೆದ ಖಾರವನ್ನು ಬದಿಗೆ ಇಡುತ್ತಾರೆ, ಬೇಕಾದಷ್ಟು ಕಲಸಿಕೊಳ್ಳಬೇಕು. ಉಪ್ಸಾರು ಅಂತ ಹೆಸರು. ಅಂದು ಮರ್ಯಾದೆಗೆ ನುಂಗಿದೆ. ಈಗ ವಾರಕ್ಕೊಮ್ಮೆ ಸಿಗದಿದ್ದರೆ ನಾಲಿಗೆ ಸಪ್ಪೆಯಾಗುತ್ತದೆ. ನನ್ನ ಹೆಂಡತಿ ಗಿರಿಜಾ ಇದಕ್ಕೆ ಉತ್ತರವಾಗಿ ಜೋಳದ ರೊಟ್ಟಿ ಬಡಿಯಲು ಶುರುಮಾಡಿದಳು. ಮೊದಲು ಮನೆಗೆ, ಆಮೇಲೆ ನಮ್ಮ ಕಡೆಯ ಐದಾರು ಕಾರ್ಮಿಕರಿಗೆ, ಆಮೇಲೆ ಎರಡು ಕಾರ್ಖಾನೆಯ ಕ್ಯಾಂಟೀನಿಗೆ. ಜಯಮ್ಮನೂ ರೊಟ್ಟಿ ಬಡಿಯಲು ಕಲಿತರು. ಅವರದು ಇವತ್ತಿಗೂ ಕರ್ನಾಟಕದ ನಕ್ಷೆಯ ಆಕಾರಕ್ಕೇ ಬರುತ್ತದೆ.

ಭಾನುವಾರಗಳದ್ದೇ ತೊಂದರೆ. ಊರಲ್ಲಾದರೆ ಕಟ್ಟೆಗೆ ಹೋಗಿ ಕೂತರೆ ಸಾಕು, ಯಾರಾದರೂ ಬಂದು ಬೈದಾದರೂ ಮಾತಾಡಿಸುತ್ತಾರೆ. ಇಲ್ಲಿ ಯಾರ ಕಟ್ಟೆ, ಯಾರ ಜಗಲಿ ಎಂದು ತಿಳಿಯದು. ಹಾಗಾಗಿ ಸೈಕಲ್ ಹತ್ತಿದೆ. ಅದು ನಮ್ಮ ಸಾಮಾನಿನ ಲಾರಿಯಲ್ಲಿ ರೊಟ್ಟಿಯ ಹಂಚಿನ ಜೊತೆ ಬಂದದ್ದು. ಹುಬ್ಬಳ್ಳಿಯಲ್ಲಿ ಕೊಂಡ, 'ಮೌಂಟನ್ ಬೈಕ್' ಎಂಬ ಸ್ಟಿಕ್ಕರ್ ಇದ್ದ, ಅಲ್ಲಿಯವರೆಗೆ ಒಂದು ದಿಬ್ಬವನ್ನೂ ಕಾಣದ ಉಕ್ಕಿನ ಸೈಕಲ್ಲು.

ದಾರಿ ತೋರಿಸಿದವರು ಲಿಂಗೇಗೌಡರು. ದೊಡ್ಡಆಲಹಳ್ಳಿಯವರು, ನಮ್ಮ ಕಾರ್ಖಾನೆಯ ಹಿರಿಯ ವೆಲ್ಡರ್. ಬೆಸುಗೆ ಹಾಕುವುದು ಅವರು, ತಪ್ಪು ಹುಡುಕುವುದು ನಾನು. ಆದರೂ ಮಾತು ಬಿಟ್ಟಿರಲಿಲ್ಲ. "ರೋಡಲ್ಲಿ ಯಾಕ್ ಸಾ ಲಾರಿ ಮುಂದೆ ತುಳೀತೀರಿ, ಅರೆ ಮ್ಯಾಕ್ ಓಗಿ" ಎಂದರು. ಅರೆ ಅಂದರೆ ನೆಲದಿಂದ ಎದ್ದ ಒಂದೇ ಹಾಸುಬಂಡೆ, ಎಕರೆಗಟ್ಟಲೆ. ಹಿಂದೆ ರಾಗಿ ಒಕ್ಕುತ್ತಿದ್ದರಂತೆ, ಈಗಲೂ ಹುರುಳಿ ಒಣಗಿಸುತ್ತಾರೆ. ಅದರ ಮೇಲೆ ಸೈಕಲ್ ಹತ್ತಿಸಿದ ದಿನ ನನಗಾದದ್ದನ್ನು ಹೇಗೆ ಹೇಳಲಿ? ನಮ್ಮ ನೆಲ ಕಾಲು ಹಿಡಿಯುತ್ತದೆ. ಮಳೆಯಲ್ಲಿ ಗಾಲಿಗೆ ಎರೆಮಣ್ಣು ಮೆತ್ತಿ ಸೈಕಲ್ಲನ್ನು ನಾವೇ ಹೊರಬೇಕು. ಈ ನೆಲ ತಳ್ಳುತ್ತದೆ. ಏರಿನಲ್ಲಿ ಟಯರು ಕಚ್ಚಿ ಹಿಡಿಯಿತು, ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದೇ ಮರೆತುಹೋಯಿತು. ಕೊನೆಗೆ ಬಿದ್ದೆ. ಮೊಣಕಾಲು ಕೆತ್ತಿ ಹೋಯಿತು. ಮುಂದಿನ ಭಾನುವಾರ ಮತ್ತೆ ಹೋದೆ. ಎಲ್ಲದಕ್ಕೂ ಹೆದರುವವನು ಬಂಡೆಯ ಮೇಲಿಂದ ಇಳಿಯುವ ಆ ಅರ್ಧ ನಿಮಿಷ ಮಾತ್ರ ಯಾವುದಕ್ಕೂ ಹೆದರುವುದಿಲ್ಲ. ಹೆದರಲು ಪುರುಸೊತ್ತೇ ಇರುವುದಿಲ್ಲ.

ಐದು ವರ್ಷಗಳಲ್ಲಿ ಆ ಸೈಕಲ್ಲಿನ ಒಂದೊಂದೇ ಭಾಗ ಬದಲಾಯಿತು. ಪೆಡಲು, ಬ್ರೇಕು, ಸೀಟು. ಕೊನೆಗೆ ಬೆಂಗಳೂರಿನ ಒಂದು ಅಂಗಡಿಯಿಂದ ಒಳ್ಳೆಯ ಗಾಲಿಗಳು. ಹಳೆಯ ಗಾಲಿಗಳನ್ನು ಗುಜರಿಗೆ ಹಾಕಿದೆ. ಊರಿಂದ ಬಂದದ್ದೆಂದು ಉಳಿದದ್ದು ಫ್ರೇಮು, ಮುಂದಿನ ಗಾಲಿ ಹಿಡಿಯುವ ಫೋರ್ಕು, ಹ್ಯಾಂಡಲ್ಲು ಮಾತ್ರ.

ಆಗ ಆ ಅಂಗಡಿಯವನು ನನ್ನ ತಲೆ ಕೆಡಿಸಿದ. ಆಲ್-ಮೌಂಟನ್ ಫ್ರೇಮು ಬರುತ್ತಿದೆ ಎಂದ. ಏರಲೂ ಹಗುರ, ಇಳಿಯಲೂ ಗಟ್ಟಿ, ಅಲ್ಯುಮಿನಿಯಂ, ಹಿಂದಿನ ಗಾಲಿಗೂ ಗಾಳಿ ತುಂಬುವ ಶಾಕ್ ಅಬ್ಸಾರ್ಬರ್. ಮುಂದಿನ ಉದ್ದ ಫೋರ್ಕು ಅದರ ಜೊತೆಗೇ ಬರುತ್ತದೆ, ನನ್ನ ಗಾಲಿಗಳು ಅದಕ್ಕೆ ಸರಿಹೊಂದುತ್ತವೆ. ಕನಕಪುರಕ್ಕೆ ಹೋಗಿ ಸೈಬರ್ ಸೆಂಟರಿನಲ್ಲಿ ಕೂತು ಚಿತ್ರ ನೋಡಿದೆ. ಪರದೆಯ ಮೇಲೆ ಅದು ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯಿತು. ಪೂರ್ತಿ ಬರುವ ಹೊತ್ತಿಗೆ ಪಕ್ಕದವರು ರೈಲ್ವೆ ಅರ್ಜಿ ತುಂಬಿ ಮುಗಿಸಿದ್ದರು. ಬೆಲೆ ಇಲ್ಲಿ ಬರೆಯುವುದಿಲ್ಲ; ನಮ್ಮಣ್ಣ ಇದನ್ನು ಓದುತ್ತಾನೆ.

"ಮಧ್ಯದ ಸೈಜು ಒಂದೇ ಬರ್ತಿರೋದು ಸರ್. ಶನಿವಾರದೊಳಗೆ ಹೇಳ್ಬಿಡಿ" ಎಂದ ಅಂಗಡಿಯವನು.

ಅದೇ ವಾರ ಮ್ಯಾನೇಜರ್ ಕರೆದರು. ಧಾರವಾಡದ ಹತ್ತಿರ ನಮ್ಮದೇ ಹೊಸ ಘಟಕ ಶುರುವಾಗುತ್ತಿದೆ, ಪರೀಕ್ಷೆಯ ವಿಭಾಗಕ್ಕೆ ಅನುಭವಸ್ಥರು ಬೇಕು, ಹೆಸರುಗಳನ್ನು ಸೋಮವಾರ ಕಳಿಸುತ್ತೇನೆ ಎಂದರು. "ನಿಮ್ಮೂರಿಗೇ ಹೋದ ಹಾಗಾಯ್ತಲ್ಲ! ಬರೆದುಕೊಳ್ಳಲೇ?" ಎಂದು ನಕ್ಕರು. ಯೋಚಿಸಿ ಹೇಳುತ್ತೇನೆ ಎಂದೆ. ಅವರ ನಗು ಅರ್ಧಕ್ಕೆ ನಿಂತಿತು. ಐದು ವರ್ಷ ಊರು ಊರು ಅಂತ ಅವರ ಕಿವಿ ತಿಂದವನು ನಾನೇ ಅಲ್ಲವೇ.

ಈಗ ನನ್ನ ಪೇಚು ನೋಡಿ. ಆ ಫ್ರೇಮು ಕಲ್ಲಿನ ಸೀಮೆಗೆ ಹುಟ್ಟಿದ್ದು. ಅದನ್ನು ನಮ್ಮ ಎರೆಭೂಮಿಗೆ ಒಯ್ದರೆ ಆ ಶಾಕ್ ಅಬ್ಸಾರ್ಬರ್ ಏನು ಮಾಡಬೇಕು? ಕಡಲೆ ಹೊಲ ನೋಡುತ್ತ ಕೂರಬೇಕು. ಫ್ರೇಮು ಬೇಕು ಎಂದರೆ ಇಲ್ಲೇ ಇರುತ್ತೇನೆ ಎಂದಂತೆ. ಬೇಡ ಎಂದರೆ ಹೊರಟಂತೆ. ಊರು ಬಿಡುವುದನ್ನೋ ಊರಿಗೆ ಮರಳುವುದನ್ನೋ ಒಂದು ಸೈಕಲ್ಲಿನಿಂದ ತೀರ್ಮಾನಿಸುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೆ 'ಅಲ್ಲಿ', ಬಲಕ್ಕೆ 'ಇಲ್ಲಿ' ಎಂದು ಬರೆದೆ. ಅಲ್ಲಿ: ಅವ್ವ, ಅಣ್ಣನ ಮನೆ ತುಂಬ ಜನ, ಮಾತು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ: ಅರೆ. ಬಲಗಡೆ ಇನ್ನೇನಾದರೂ ಇರಬೇಕಲ್ಲ ಎಂದು ಯೋಚಿಸಿ 'ಉಪ್ಸಾರು' ಎಂದು ಸೇರಿಸಿದೆ.

ಗುರುವಾರ ನನ್ನ ಕಸುಬಿಗೆ ತಕ್ಕ ಒಂದು ಉಪಾಯ ಹೊಳೆಯಿತು. ಹಳೆಯ ಫ್ರೇಮು ಬಿರುಕು ಬಿಟ್ಟಿದ್ದರೆ? ಆಗ ತೀರ್ಮಾನ ನನ್ನದಾಗಿರುವುದಿಲ್ಲ, ಸುರಕ್ಷತೆಯದಾಗಿರುತ್ತದೆ. ಮುರಿಯುವ ಫ್ರೇಮಿನ ಮೇಲೆ ಯಾರಾದರೂ ಕೂರುತ್ತಾರೆಯೇ? ಬೆಸುಗೆ ಪರೀಕ್ಷಿಸಲು ನಮ್ಮಲ್ಲಿ ಒಂದು ವಿಧಾನವಿದೆ. ಕೆಂಪು ದ್ರವವನ್ನು ಬಳಿದು, ಒಂದಿಷ್ಟು ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿಯ ಪುಡಿ ಸಿಂಪಡಿಸುತ್ತೇವೆ. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಶಿಫ್ಟು ಮುಗಿದ ಮೇಲೆ ಮ್ಯಾನೇಜರ ಅನುಮತಿ ಕೇಳಿ ಸೈಕಲ್ಲನ್ನು ಮೇಜಿನ ಮೇಲೆ ಮಲಗಿಸಿದೆ. ಹ್ಯಾಂಡಲ್ಲಿನ ಕೆಳಗಿನ ಕೂಡುಜಾಗದಲ್ಲಿ ಬಳಿದೆ, ಒರೆಸಿದೆ, ಸಿಂಪಡಿಸಿದೆ. ಮೂಡಿತು. ಕೂದಲೆಳೆಯಷ್ಟು ಸಣ್ಣ, ಒಂದು ಬೆರಳುದ್ದದ ಕೆಂಪು ಗೆರೆ.

ಬಿರುಕು ಕಂಡು ಕುಣಿದಾಡುವಷ್ಟು ಸಂತೋಷಪಟ್ಟ ಪರೀಕ್ಷಕ ಇಡೀ ಕೈಗಾರಿಕಾ ಪ್ರದೇಶದಲ್ಲಿ ನಾನೊಬ್ಬನೇ ಇರಬೇಕು.

ಮನೆಗೆ ಹೋದವನೇ ಗಿರಿಜಾಳಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು.

"ಫ್ರೇಮ್ ಬಿರುಕು ಬಿಟ್ಟೈತಿ. ಇನ್ನ ಅದರ ಮ್ಯಾಲ ಕೂಡಂಗಿಲ್ಲ."

"ಬಿರುಕು ಬಿಟ್ಟದ್ದಕ್ಕ ಇಷ್ಟು ಖುಷಿ ಯಾಕ್ರಿ?"

"ಖುಷಿ ಎಲ್ಲೈತಿ? ಚಿಂತಿ ಆಗೇತಿ ನನಗ."

"ನಿಮ್ಮ ಚಿಂತಿ ಮಾರಿ ನಾ ನೋಡಿಲ್ಲೇನು? ಇದು ಅದಲ್ಲ" ಎಂದು ಅವಳು ರೊಟ್ಟಿ ತಟ್ಟಲು ತಿರುಗಿದಳು.

ಶುಕ್ರವಾರ ಊಟದ ಬಿಡುವಿನಲ್ಲಿ ಲಿಂಗೇಗೌಡರನ್ನು ಕರೆದು ತೋರಿಸಿದೆ. ಅನುಕಂಪ ಬೇಕಿತ್ತು. ಅವರು ಬಗ್ಗಿ ನೋಡಿದರು, ಉಗುರಿನಿಂದ ಕೆರೆದರು, ನೆಟ್ಟಗಾದರು.

"ಬಣ್ಣದ ಮ್ಯಾಲೇ ಕೆಂಪು ಬಳಿದಿದ್ದೀರಲ್ಲ ಸಾ."

ನಾನು ಪುಡಿಯ ಡಬ್ಬಿಯ ಮುಚ್ಚಳ ಹಾಕತೊಡಗಿದೆ.

"ಬಣ್ಣ ಕೆರೆದು ಲೋಹ ಕಾಣಂಗೆ ಮಾಡ್ಬೇಕು, ಆಮ್ಯಾಕೆ ಬಳೀಬೇಕು ಅಂತ ನಮ್ಗೆಲ್ಲ ಯೋಳ್ಕೊಟ್ಟೋರು ಯಾರು? ಓದ್ ತಿಂಗ್ಳು ಆ ಒಸಬನ್ನ ಇದಕ್ಕೇ ಎಲ್ಲರ ಮುಂದೆ ನಿಲ್ಲಿಸಿ ಬೈದ್ರಿ."

ನಿಜ. ಬೈದಿದ್ದೆ. ಬಣ್ಣವೂ ಸೀಳುತ್ತದೆ, ಆ ಸೀಳಿಗೂ ಕೆಂಪು ಇಳಿಯುತ್ತದೆ. ನೋಡುವವನಿಗೆ ಉಕ್ಕೇ ಸೀಳಿದಂತೆ ಕಾಣುತ್ತದೆ. ಈ ಕಸುಬಿನ ಮೊದಲ ಪಾಠ ಇದು. ಹದಿನೆಂಟು ವರ್ಷದ ಅನುಭವದಲ್ಲಿ ನಾನು ಈ ತಪ್ಪು ಮಾಡಿದ್ದು ಒಂದೇ ಸಲ, ಅದೂ ನನ್ನದೇ ಸೈಕಲ್ಲಿನ ಮೇಲೆ. ಮರೆತು ಮಾಡಿದೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಎಮರಿ ಕಾಗದ ಪಕ್ಕದಲ್ಲೇ ಇತ್ತು, ಕಣ್ಣು ಅದರ ಮೇಲೆ ಹೋಗಿತ್ತು, ಕೈ ಹೋಗಲಿಲ್ಲ.

ಲಿಂಗೇಗೌಡರೇ ಕೆರೆದರು. ನೀಲಿ ಹೋಗಿ ಕೆಳಗಿನ ಬೂದು ಹೋಗಿ ಉಕ್ಕು ಹೊಳೆಯಿತು. ಬಳಿದೆವು, ಕಾದೆವು, ಒರೆಸಿದೆವು, ಸಿಂಪಡಿಸಿದೆವು. ಬಿಳಿ ಬಿಳಿಯಾಗಿಯೇ ಉಳಿಯಿತು. ಇಬ್ಬರೂ ಸೇರಿ ಕೂಡುಜಾಗಗಳನ್ನೆಲ್ಲ ನೋಡಿದೆವು. ಒಂದು ಚುಕ್ಕೆಯೂ ಇಲ್ಲ.

"ಇನ್ನ ಇಪ್ಪತ್ತೊರ್ಸ ಏನೂ ಆಗಕ್ಕಿಲ್ಲ ಕಣ್ ಸಾ ಇದಕ್ಕೆ" ಎಂದು ಲಿಂಗೇಗೌಡರು ಕೈ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಒಸಾದು ಬೇಕು ಅಂದ್ರೆ ತಗಳ್ಳಿ, ಯಾರ್ ಬ್ಯಾಡ ಅಂದ್ರು? ಅದ್ಯಾಕ್ ಸಾ ಪಾಪ ಈ ಮುದುಕನ ಮ್ಯಾಲೆ ಗೂಬೆ ಕೂರಿಸ್ತೀರಿ?"

ಆ ಸಂಜೆ ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದೆ. ಹತ್ತಲು ಮುಖವಿರಲಿಲ್ಲ. ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಹೊಸ ಫ್ರೇಮಿನ ವಿಷಯ ಅವಳಿಗೆ ಗೊತ್ತಿತ್ತು. ಧಾರವಾಡದ ವಿಷಯ ಗೊತ್ತಿರಲಿಲ್ಲ. ನಾನು ಹೇಳಿಯೇ ಇರಲಿಲ್ಲ. ಹೇಳಿದರೆ ಅವಳು ಆಗಲೇ ಗಂಟು ಕಟ್ಟುತ್ತಾಳೆ ಎಂದು ನನ್ನ ಎಣಿಕೆ.

"ಸೋಮವಾರ ಹೆಸರು ಕೊಡೂದು, ನೀವು ಇವತ್ತ ಹೇಳಾಕ್ಹತ್ತೀರಿ" ಎಂದಳು. ಸಿಟ್ಟಿರಲಿಲ್ಲ, ಅದೇ ಕಷ್ಟ. "ಸೈಕಲ್ಲಿಗೆ ಕೇಳಿದ್ರಿ, ಗೌಡರಿಗೆ ಕೇಳಿದ್ರಿ. ನನಗ ಯಾಕ ಕೇಳಲಿಲ್ಲ?"

"ನೀ ಹೋಗೂಣು ಅಂತೀ ಅಂತ ಗೊತ್ತಿತ್ತು."

"ಏನು ಗೊತ್ತಿತ್ತು ನಿಮಗ? ನನಗ ಹೋಗೂದು ಬ್ಯಾಡ."

ನಾನು ಕೂತೆ.

"ಅತ್ತಿ ಛಲೋ ಅದಾರ, ನೆಗೆಣ್ಣಿ ಛಲೋ ಅದಾಳ. ಆದ್ರ ಅಲ್ಲಿ ಹೊಸ್ತಲಾ ದಾಟಿದ ಕೂಡ್ಲೇ ನಾ ಸಣ್ಣ ಸೊಸಿ. ಯಾವ ಪಲ್ಲೆ ಮಾಡಬೇಕು ಅಂತ ಕೇಳಿ ಮಾಡಬೇಕು. ಇಲ್ಲಿ ಎರಡು ಕ್ಯಾಂಟೀನಿನವರು ನನ್ನ ಕೇಳ್ತಾರ್ರಿ, ನಾಳೆ ಎಷ್ಟು ರೊಟ್ಟಿ ಕೊಡ್ತೀರಿ ಅಕ್ಕಾ ಅಂತ." ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ನಿಮಗ ಊರು ಬೇಕಂದ್ರ ಹೋಗೂಣು. ನಾ ಒಲ್ಲೆ ಅಂತ ಹಟ ಹಿಡಿಯಂಗಿಲ್ಲ. ಆದ್ರ ನನ್ನ ಹೆಸರಿಲೆ ಹೋಗೂದು ಬ್ಯಾಡ. ಸೈಕಲ್ಲಿನ ಹೆಸರಿಲೆ ಇರೂದೂ ಬ್ಯಾಡ."

ಐದು ವರ್ಷ ನಾನು ಇವಳನ್ನು ಊರಿನಿಂದ ಬಿಡಿಸಿ ತಂದೆನೆಂಬ ಅಪರಾಧವನ್ನು ಜೋಪಾನವಾಗಿ ಹೊತ್ತಿದ್ದೆ. ನನ್ನ ಚಿಂತೆಗಳಲ್ಲೆಲ್ಲ ಅದೇ ಹಳೆಯದು, ಗಟ್ಟಿಯದು. ಅದೂ ಬಣ್ಣದ ಮೇಲಿನ ಗೆರೆ. ಕೆರೆದು ನೋಡಿದರೆ ಉಳಿದದ್ದು ನಾನೊಬ್ಬನೇ: ನನಗೆ ಇಲ್ಲಿರಲು ಆಸೆಯಿತ್ತು, ಹಾಗೆಂದು ಹೇಳಲು ನಾಚಿಕೆಯಿತ್ತು. ಊರು ಬಿಟ್ಟವನು ಕಷ್ಟದಿಂದ ಬಿಟ್ಟಿರಬೇಕು ಎಂಬುದು ನಮ್ಮ ಕಡೆಯ ಅಲಿಖಿತ ಕಾಯಿದೆ. ಇಷ್ಟಪಟ್ಟು ಉಳಿದವನನ್ನು ಏನೆಂದು ಕರೆಯುತ್ತೀರೋ ಗೊತ್ತಿಲ್ಲ.

ಶನಿವಾರ ಅಂಗಡಿಗೆ ಫೋನು ಮಾಡಿ ಬೇಕು ಎಂದೆ. ಸೋಮವಾರ ಮ್ಯಾನೇಜರಿಗೆ ಬೇಡ ಎಂದೆ. ಅವರು ಕಾರಣ ಕೇಳಿದರು. ಇಲ್ಲಿ ಇಷ್ಟವಾಗಿದೆ ಸರ್ ಎಂದೆ. ಬಾಯಿಂದ ಹೊರಬಿದ್ದ ಮೇಲೆ ಅದು ಅಂಥ ದೊಡ್ಡ ಮಾತಾಗಿ ಕೇಳಿಸಲಿಲ್ಲ.

ಕಾಯುವ ದಿನಗಳಲ್ಲಿ ಹಳೆಯ ಅಭ್ಯಾಸ ಮರಳಿತು. ಮಧ್ಯದ ಸೈಜು ನನಗೆ ದೊಡ್ಡದಾದರೆ? ಕಾರ್ಖಾನೆಯ ಅಳತೆಗೋಲು ತಂದು ತೊಡೆಯಿಂದ ಪಾದದವರೆಗೆ ಮೂರು ಸಲ ಅಳೆದೆ. ಮೂರು ಉತ್ತರ ಬಂತು. ತಿಂಗಳೆಂದದ್ದು ಒಂದೂವರೆ ತಿಂಗಳಾಯಿತು. ಕೊನೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಜಗಲಿಯಲ್ಲಿ ಬಿಚ್ಚಿದಾಗ ಜಯಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಸಿದ್ಧವಾಗಿದ್ದರು. ಫ್ರೇಮು ನೋಡಿ ಮುಖ ಸಣ್ಣದು ಮಾಡಿದರು.

"ಇದೇನ್ ಸಾ, ಗಾಲಿ ಇಲ್ಲ, ಸೀಟಿಲ್ಲ! ಮೋಸ ಮಾಡ್ಬುಟ್ಟವ್ರೆ ನಿಮ್ಗೆ."

"ಇಷ್ಟೇ ಬರೂದ್ರಿ ಅಮ್ಮಾ."

"ಅಸ್ಥಿಪಂಜರಕ್ಕೆ ಯಾರಾದ್ರೂ ಕಾಸ್ ಕೊಟ್ಟಾರಾ?" ಅನ್ನುತ್ತಲೇ ಅದಕ್ಕೆ ಕುಂಕುಮ ಹಚ್ಚಿದರು. ಅದರ ಮೇಲೆ ಅರೆಯಿಂದ ಮೊದಲ ಸಲ ಇಳಿದದ್ದನ್ನು ಬರೆಯಲು ಹೊರಟರೆ ನೀವು ನಗುತ್ತೀರಿ. ಬೀಳಲಿಲ್ಲ ಎಂದಷ್ಟೇ ಹೇಳುತ್ತೇನೆ. ಕೆಳಗೆ ನಿಂತಿದ್ದ ಲಿಂಗೇಗೌಡರು, "ಪರ್ವಾಗಿಲ್ಲ ಕಣ್ ಸಾ, ಈ ಸಲ ಕಣ್ ಬುಟ್ಕೊಂಡೇ ಇಳುದ್ರಿ" ಎಂದರು.

ಉಳಿದದ್ದು ಅವ್ವನಿಗೆ ಹೇಳುವುದು. ಫೋನಿನಲ್ಲಿ ಹೇಳಿದೆ: ಧಾರವಾಡ ಸಿಕ್ಕಿತ್ತು, ನಾನೇ ಬೇಡ ಎಂದೆ. ಆ ಕಡೆ ಅಣ್ಣನ ಮನೆಯ ಎಮ್ಮೆ ಕೂಗಿದ್ದು ಕೇಳಿಸಿತು. ಆಮೇಲೆ ಅವ್ವ ಕೇಳಿದಳು: "ಹಳೀ ಸೈಕಲ್ ಏನ್ ಮಾಡ್ದಿ?"

"ಇಲ್ಲೇ ಐತವ್ವಾ. ಯಾರಿಗರ ಕೊಡಬೇಕು."

"ಯಾರಿಗೂ ಕೊಡಬ್ಯಾಡ. ಇಲ್ಲಿ ಕಳಸು ಬಸ್ಯಾ. ಈ ಮನ್ಯಾಗ ನಿಂದೂ ಒಂದು ಇರಲಿ."

ಕಳಿಸಿದೆ. ಪಡಸಾಲೆಯಲ್ಲಿ, ಅಪ್ಪನ ಕಾಲದ ಗೂಟಕ್ಕೆ, ಅದು ನೇತಾಡುತ್ತಿದೆ. ಅದರ ಫೋರ್ಕು, ಹ್ಯಾಂಡಲ್ಲು ಅದಕ್ಕೇ ಇವೆ, ನಾವು ಕೆರೆದ ಜಾಗಕ್ಕೆ ನೀಲಿ ಬಳಿದಿದ್ದೇನೆ. ಪೆಡಲು ಸರಪಳಿಯನ್ನೂ ಹೇಗೋ ಹೊಂದಿಸಿದೆ. ಗಾಲಿ ಮಾತ್ರ ಇಲ್ಲ. ಅವು ಹಾರೋಹಳ್ಳಿಯಲ್ಲಿ ಹೊಸ ಫ್ರೇಮಿನಲ್ಲಿವೆ. ವರ್ಷಕ್ಕೆ ಎರಡು ಸಲ ಊರಿಗೆ ಹೊರಡುವಾಗ ಗಾಲಿಗಳನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಅಲ್ಲಿ ಅದಕ್ಕೆ ಸಿಕ್ಕಿಸಿ ಕಡಲೆ ಹೊಲಗಳ ನಡುವೆ, ಒಂದು ಏರೂ ಇಲ್ಲದ ದಾರಿಯಲ್ಲಿ, ಬೇಕಾದಷ್ಟು ದೂರ ಹೋಗುತ್ತೇನೆ. ಎರಡು ದಿನ ಸುಖ. ಮೂರನೆಯ ದಿನ ಕಾಲು ಏರು ಹುಡುಕುತ್ತದೆ. ಇಲ್ಲಿಗೆ ಮರಳಿದರೆ ಒಂದು ವಾರ, ಅರೆಯ ನೆತ್ತಿಯಲ್ಲಿ ನಿಂತು ಎಲ್ಲಾದರೂ ಒಂದು ಸಪಾಟು ಗೆರೆ ಕಾಣುತ್ತದೆಯೇ ಎಂದು ನೋಡುತ್ತೇನೆ.

ಹೋದ ಸಲ ಹುಬ್ಬಳ್ಳಿಯಿಂದ ನವಲಗುಂದದ ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲ ಮುಟ್ಟಿ ನೋಡಿದ.

"ಏನ್ರಿ ಇದು, ಗಾಲಿ ಏನು? ಸೈಕಲ್ ಎಲ್ಲೈತ್ರಿ?"

"ಎರಡು ಅದಾವ್ರಿ. ಒಂದು ಅಲ್ಲಿ, ಒಂದು ಇಲ್ಲಿ."

"ಮತ್ತ ಗಾಲಿ?"

"ಇವು ಎರಡ."

ಅವನು ಟಿಕೀಟು ಹರಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇನ್ನೊಂದು ಜೋಡಿ ತಗೊಂಡು ಊರಾಗ ಇಡಬಾರದೇನ್ರಿ? ಹಿಂಗ ಹೊತಗೊಂಡು ತಿರಗೂದು ಯಾಕ?"

ಗಿರಿಜಾಳೂ ಇದನ್ನೇ ಕೇಳುತ್ತಾಳೆ, ಲಿಂಗೇಗೌಡರೂ ಕೇಳುತ್ತಾರೆ.

"ತಗೋಬೇಕ್ರಿ" ಎಂದೆ. ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ಕಿಟಕಿಯ ಕಡೆ ಸರಿದು ಕೂತೆ.